ಹಗೇವಿನ ಮೇಲಿನ ಮನೆ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ನೆಲದ ಕೆಳಗಿತ್ತು. ಅದರಲ್ಲಿ ನಾವು ಇರುತ್ತಿರಲಿಲ್ಲ, ಜೋಳ ಇರುತ್ತಿತ್ತು. ಆ ಜೋಳವೂ ನಮ್ಮದಲ್ಲ. ಹುಬ್ಬಳ್ಳಿಯ ಅಂಚಿನ ಬೆಂಗೇರಿಯಲ್ಲಿ ನಮ್ಮ ಮನೆ ಇದ್ದದ್ದು ಗಟ್ಟಿ ಗರಸಿನ ನೆಲದ ಮೇಲೆ. ಅಲ್ಲಿ ನೀರು ನಿಲ್ಲುವುದಿಲ್ಲ ಎಂದು ನಮ್ಮ ಮುತ್ತಜ್ಜ ಪಡಸಾಲೆಯ ನಡುವೆಯೇ ಹಗೇವು ತೋಡಿಸಿದ್ದನಂತೆ. ಬಾಯಿ ಒಬ್ಬ ಮನುಷ್ಯ ಕೈ ಎತ್ತಿಕೊಂಡು ಇಳಿಯುವಷ್ಟು, ಒಳಗೆ ಹೊಟ್ಟೆ ಮಾತ್ರ ದೊಡ್ಡ ಗಡಿಗೆಯದು. ಗೋಡೆಗೆ ಒಣಹುಲ್ಲು ಹಚ್ಚಿ, ಜೋಳ ಸುರಿದು, ಮೇಲೆ ಹೊಟ್ಟು ಹಾಕಿ, ಬಾಯಿಗೆ ಕಲ್ಲು ಮುಚ್ಚಿ ಕೆಸರು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಮುತ್ತಜ್ಜನ ಕಾಲದಲ್ಲಿ ಅದನ್ನು ನಮ್ಮ ಹೊಲದ ಜೋಳವೇ ತುಂಬುತ್ತಿತ್ತು. ಆ ಹೊಲ ಯಾವಾಗ ಹೋಯಿತು, ಹೇಗೆ ಹೋಯಿತು ಎಂದು ಬರೆಯುವ ಉಮೇದು ನನಗಿಲ್ಲ. ಹೋಯಿತು, ಅಷ್ಟೇ. ಹೊಲವನ್ನು ಕೊಂಡವರಿಗೆ ಹಗೇವನ್ನು ಹೊತ್ತುಕೊಂಡು ಹೋಗಲು ಬರುತ್ತಿರಲಿಲ್ಲವಾದ್ದರಿಂದ ಅದು ನಮಗೆ ಉಳಿಯಿತು.

ಅದನ್ನು ಬಾಡಿಗೆಗೆ ಕೊಡುವ ಯೋಚನೆ ಅವ್ವನದು. ಪೇಟೆಯ ಕಾಳಿನ ವ್ಯಾಪಾರಿ ಶೆಟ್ಟರೊಬ್ಬರು ಸುಗ್ಗಿಯಲ್ಲಿ ಜೋಳ ಕೊಂಡು ನಮ್ಮಲ್ಲಿ ತುಂಬಿಸಿ, ಧಾರಣೆ ಏರಿದಾಗ ತೆಗೆಸುತ್ತಿದ್ದರು. ಬಾಡಿಗೆಯಲ್ಲಿ ಅರ್ಧ ತುಂಬುವಾಗ, ಅರ್ಧ ತೆಗೆಯುವಾಗ. ಜೋಳ ನೀರುಂಡಿದ್ದರೆ ಆ ಎರಡನೆಯ ಅರ್ಧ ಇಲ್ಲ. ಇದರ ಜೊತೆಗೆ ಊರ ಪದ್ಧತಿಯೊಂದಿತ್ತು. ಎಷ್ಟು ಒಣಗಿದ ಹಗೇವಾದರೂ ಗೋಡೆಗೆ ಅಂಟಿದ ಜೋಳ ಸ್ವಲ್ಪ ಮುಗ್ಗಿ ಕಪ್ಪಾಗುತ್ತದೆ. ಪೇಟೆಯಲ್ಲಿ ಅದಕ್ಕೆ ಗಿರಾಕಿ ಇಲ್ಲ. ಆ ಕರಿ ಜೋಳ ಹಗೇವಿನ ಮನೆಯವರಿಗೆ ಸೇರಬೇಕು, ಅದನ್ನು ಯಾವ ಶೆಟ್ಟಿಯೂ ಕೇಳುವಂತಿಲ್ಲ. ಬಿಸಿಲಿಗೆ ಹಾಕಿ, ಮೂರು ನೀರಿನಲ್ಲಿ ತೊಳೆದು ಬೀಸಿದರೆ ರೊಟ್ಟಿ ಆಗುತ್ತದೆ. ವಾಸನೆ ಹೋಗುವುದಿಲ್ಲ. ನಾನು ಹುಟ್ಟಿದಾಗಿನಿಂದ ಆ ವಾಸನೆಯ ರೊಟ್ಟಿ ತಿಂದವಳಾದ್ದರಿಂದ ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೆಯೇ ಜೋಳಕ್ಕೆ ಸ್ವಂತದ ರುಚಿ ಒಂದಿದೆ ಎಂದು ನನಗೆ ಗೊತ್ತಾದದ್ದು.

ಅಪ್ಪ ಅರಳೆ ಜಿನ್ನಿನಲ್ಲಿ ಕೆಲಸಕ್ಕಿದ್ದ. ಅರಳೆಯ ಸುಗ್ಗಿ ಮುಗಿದರೆ ಜಿನ್ನು ಬಾಗಿಲು ಹಾಕುತ್ತಿತ್ತು, ಪಗಾರವೂ ನಿಲ್ಲುತ್ತಿತ್ತು. ಸುಗ್ಗಿಯ ದಿನಗಳಲ್ಲಿ ಸಂಜೆ ಅವನು ಮೈತುಂಬ ಅರಳೆ ಮೆತ್ತಿಕೊಂಡು ಬಂದರೆ ಅವ್ವ ಹೊಸ್ತಿಲ ಹೊರಗೇ ನಿಲ್ಲಿಸಿಕೊಂಡು, ತಲೆ, ಹುಬ್ಬು, ಧೋತರದ ನಿರಿಗೆ ಎಲ್ಲ ಕಡೆಯಿಂದ ಎಳೆಎಳೆಯಾಗಿ ಕಿತ್ತು ಕಾಳು ಕೇರುವ ಮರದಲ್ಲಿ ಹಾಕಿಕೊಂಡ ಮೇಲೆಯೇ ಒಳಗೆ ಬಿಡುತ್ತಿದ್ದಳು. ಆ ಅರಳೆಯನ್ನು ಆಯಿ, ಅಂದರೆ ಅಪ್ಪನ ತಾಯಿ, ತೊಡೆಯ ಮೇಲೆ ಹೊಸೆದು ದೀಪದ ಬತ್ತಿ ಮಾಡಿ ಓಣಿಯಲ್ಲಿ ಮಾರುತ್ತಿದ್ದಳು. ಅವ್ವ ಉಳ್ಳವರ ಮನೆಯ ಜೋಳ ಬೀಸಿ ಕೊಡುತ್ತಿದ್ದಳು. ಬೀಸುಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ಬೀಸಿದವಳಿಗೆ, ಅದೂ ಒಂದು ಪದ್ಧತಿ. ನಮ್ಮ ಸಂಸಾರವೆಲ್ಲ ಹೀಗೆ ಇನ್ನೊಬ್ಬರ ಮಾಲು ಅಂಟಿಕೊಂಡು ಉಳಿದದ್ದರ ಮೇಲೆಯೇ ನಡೆಯಿತು ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸುತ್ತಿರಲಿಲ್ಲ. ಅವ್ವನಿಗೆ ಒಂದು ಎಮ್ಮೆ ಕೊಳ್ಳುವ ಆಸೆ ಇತ್ತು, ಹಗೇವಿನ ಎರಡನೆಯ ಅರ್ಧ ಬಾಡಿಗೆಯನ್ನು ಅದಕ್ಕೆಂದೇ ಮುಟ್ಟದೆ ಇಡಬೇಕೆಂದು ಅವಳು ಪ್ರತಿ ವರ್ಷ ಗಟ್ಟಿ ಮಾಡುತ್ತಿದ್ದಳು. ಪ್ರತಿ ವರ್ಷ ಅದನ್ನು ನಾವು ತಿಂದುಬಿಡುತ್ತಿದ್ದೆವು.

ಮಳೆಗಾಲದಲ್ಲಿ ಅಪ್ಪನಿಗೆ ಇನ್ನೊಂದು ಕಸುಬು: ಊರಿನವರ ಹಗೇವಿಗೆ ಇಳಿಯುವುದು. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವನು ಕೂಗುವಷ್ಟರಲ್ಲಿ ಕುಸಿಯುತ್ತಾನೆ. ಅದಕ್ಕೇ ಮೊದಲು ಬಾಯಿ ತೆರೆದು ಬಿಡಬೇಕು, ಆಮೇಲೆ ಬುಟ್ಟಿಯಲ್ಲಿ ಹಣತೆ ಹಚ್ಚಿಟ್ಟು ಹಗ್ಗದಲ್ಲಿ ಇಳಿಸಬೇಕು. ದೀಪ ಆರಿದರೆ ಆ ದಿನ ಇಳಿಯುವಂತಿಲ್ಲ. ಅಪ್ಪ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಎಂಥ ದೊಡ್ಡ ಸಾಹುಕಾರ ಅವಸರ ಮಾಡಿದರೂ "ದೀಪಾ ಹೂಂ ಅನ್ನಲಿ, ನಾನೂ ಹೂಂ ಅಂತೇನ್ರಿ" ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಮೇಲೆ ಹಗ್ಗ ಹಿಡಿಯುವವನು ನಮ್ಮ ಪಕ್ಕದ ಮನೆಯ ಪಿಂಜಾರ ಹುಸೇನ ಕಾಕಾ. ಇಬ್ಬರೂ ಕೂಡಿಯೇ ಹೋಗುತ್ತಿದ್ದರು, ಬಂದದ್ದನ್ನು ಹಂಚಿಕೊಳ್ಳುತ್ತಿದ್ದರು.

ನಮ್ಮ ಹಗೇವಿನ ಕಲ್ಲಿನ ಮೇಲೆ ನನ್ನ ಹಾಸಿಗೆ. ಕಾವಲಿಗೆ ಎಂದು ಅಪ್ಪ ಹೇಳುತ್ತಿದ್ದ. ಪಡಸಾಲೆಯಲ್ಲಿ ಬೇರೆ ಜಾಗ ಇರಲಿಲ್ಲ ಎನ್ನುವುದು ಖರೆ. ಹಸಿದ ಹೊಟ್ಟೆಯನ್ನು ಬೋರಲು ಹಾಕಿ ಮಲಗಿದರೆ ಹೊಟ್ಟೆಗೂ ಜೋಳಕ್ಕೂ ನಡುವೆ ಒಂದು ಕಲ್ಲು ಮಾತ್ರ. ಇದನ್ನು ನಾನು ಮರುಕ ಬರಲಿ ಎಂದು ಹೇಳುತ್ತಿಲ್ಲ. ಈಗಲೂ ಯಾರ ಮನೆಯಲ್ಲಾದರೂ ಕಾಳಿನ ಚೀಲ ಕಂಡರೆ ನನ್ನ ಕೈ ತಾನಾಗಿ ತಳಕ್ಕೆ ಹೋಗುತ್ತದೆ, ಹಿಡಿ ಕಾಳು ಮೂಗಿಗೆ ಬರುತ್ತದೆ. ಮಕ್ಕಳು ನಗುತ್ತಾರೆ. ನಗಲಿ.

ಮಹಾಯುದ್ಧ ಶುರುವಾದ ಮೇಲೆ ಜೋಳದ ಧಾರಣೆ ಏರತೊಡಗಿತು. ಆ ವರ್ಷ ಶೆಟ್ಟರು ಹಗೇವನ್ನು ಬಾಯಿಮಟ ತುಂಬಿಸಿ, ಕೆಸರಿನ ಮೇಲೆ ತಮ್ಮ ಮುದ್ರೆ ಒತ್ತಿ ಹೋದವರು ಶ್ರಾವಣ ಬಂದರೂ ತಿರುಗಿ ನೋಡಲಿಲ್ಲ. ಇನ್ನೂ ಏರಲಿ ಎಂದು ಕಾಯುತ್ತಿದ್ದರು. ಊರಿನ ಎಲ್ಲ ಶೆಟ್ಟರೂ ಕಾಯುತ್ತಿದ್ದರು. ಯಾರೂ ಹಗೇವು ತೆಗೆಸದೆ ಅಪ್ಪನಿಗೂ ಹುಸೇನ ಕಾಕಾನಿಗೂ ಕೆಲಸ ಇಲ್ಲದಾಯಿತು. ಮೊದಲ ಅರ್ಧ ಬಾಡಿಗೆ ಎಂದೋ ಕರಗಿತ್ತು. ಬೆಳಿಗ್ಗೆ ಅಂಬಲಿ, ಸಂಜೆ ನುಚ್ಚು. ಆಮೇಲೆ ಸಂಜೆಯೂ ಅಂಬಲಿ. ಆಮೇಲೆ ಅಂಬಲಿಯಲ್ಲಿ ನೀರೇ ಹೆಚ್ಚಾಗಿ ಅದಕ್ಕೆ ಹೆಸರಿಡುವುದು ಕಷ್ಟವಾಯಿತು. ನನ್ನ ತಮ್ಮ ಗುರು ಆಗ ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಅವನ ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಮುಂದೆ ಬಂತು. ಮೊದಲು ಅಳುತ್ತಿದ್ದ. ಭಾದ್ರಪದದ ಹೊತ್ತಿಗೆ ಅಳುವುದನ್ನೂ ಬಿಟ್ಟ, ಕೂರಿಸಿದಲ್ಲಿ ಕೂತಿರುತ್ತಿದ್ದ. ಅಳುವ ಕೂಸಿಗಿಂತ ಅದು ನೋಡಲು ಕಷ್ಟ.

ಅತ್ತೆ ಸೊಸೆಯರ ಜಗಳ ನಮ್ಮ ಮನೆಯಲ್ಲಿ ಹೊಸದೇನಲ್ಲ, ಆದರೆ ಆ ಸಲದ ಜಗಳ ಬೇರೆ. ಇಬ್ಬರೂ ದನಿ ಎತ್ತಲಿಲ್ಲ. ಎತ್ತುವ ಶಕ್ತಿಯೂ ಇರಲಿಲ್ಲವೋ ಏನೋ. ಆಯಿ ಲಿಂಗಪೂಜೆ ಮುಗಿಸಿ ಎದ್ದವಳು, ಗುರುವನ್ನು ತೊಡೆಯ ಮೇಲೆ ಹಾಕಿಕೊಂಡು ಅಂದಳು:

"ಕೆಳಗ ಜ್ವಾಳಾ ತಣ್ಣಗ ಕುಂತಾವು, ಮ್ಯಾಲ ಕೂಸು ಸೊರಗಾಕತ್ತೈತಿ. ಒಂದ ಬುಟ್ಟಿ ತಗದರ ಶೆಟ್ರಿಗೆ ಏನ ಕಡಿಮಿ ಆಕ್ಕೈತಿ, ಗಂಗವ್ವಾ?"

"ಮುದ್ರಿ ಒಡದರ ಕಳವ ಆಕ್ಕೈತ್ರಿ ಅತ್ತೀ. ಕಳ್ಳರ ಮನಿ ಅಂತ ಒಮ್ಮಿ ಹೆಸರ ಬಂತಂದ್ರ, ಮುಂದಿನ ವರ್ಷ ಯಾರ ತುಂಬತಾರ?"

"ಮುಂದಿನ ವರ್ಷ ಕೂಸು ಇರಬೇಕಲ್ಲವ್ವಾ."

ಅವ್ವ ಮರ ತೆಗೆದುಕೊಂಡು ಯಾರದೋ ಮನೆಗೆ ಕಾಳು ಹಸನು ಮಾಡಲು ಹೊರಟುಹೋದಳು. ಕಳವು ಎನ್ನುವ ಮಾತು ಆಯಿಗೆ ಚುಚ್ಚಿರಬೇಕು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಇನ್ನೊಬ್ಬರ ಕಾಳಿಗೆ ಕೈ ಹಾಕುವವಳಲ್ಲ ಅವಳು. ಹಾಗಾಗಿ ಕಳವಲ್ಲದ ದಾರಿಯೊಂದನ್ನು ಹುಡುಕಿದಳು. ಇದು ನಮಗೆ ಗೊತ್ತಾದದ್ದು ಆಮೇಲೆ, ಆದರೆ ಮುಚ್ಚಿಟ್ಟು ಕೊನೆಗೆ ಹೇಳುವ ಕಥೆಗಾರಿಕೆ ನನಗೆ ಸೇರುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಕರಿ ಜೋಳ ಮನೆಯವರದು. ನೀರು ತಾಗಿದರೆ ಜೋಳ ಕಪ್ಪಾಗುತ್ತದೆ. ಆದ್ದರಿಂದ ಮಧ್ಯಾಹ್ನ ನಾನೂ ಅವ್ವನೂ ಮನೆಯಲ್ಲಿ ಇಲ್ಲದಾಗ, ಅಪ್ಪ ಕೂಲಿ ಹುಡುಕಿಕೊಂಡು ಪೇಟೆಗೆ ಹೋದಾಗ, ಆಯಿ ನನ್ನ ಹಾಸಿಗೆ ಸುತ್ತಿಟ್ಟು ಕಲ್ಲಿನ ಅಂಚಿಗೆ ಒಂದು ತಂಬಿಗೆ ನೀರು ಹನಿಸಿದಳು. ಮುದ್ರೆಗೆ ಏನೂ ಆಗಲಿಲ್ಲ, ನೀರು ಕೆಸರಿನಲ್ಲಿ ಇಂಗಿ ಕೆಳಗಿಳಿಯಿತು. ಗೋಡೆಯ ಅಂಚಿನ ಜೋಳ ಒಂದಿಷ್ಟು ಹೆಚ್ಚು ಕಪ್ಪಾದರೆ ಸಾಕು, ನಡುವಿನದು ಶೆಟ್ಟರಿಗೆ ಇರಲಿ ಎನ್ನುವುದು ಅವಳ ಲೆಕ್ಕ. ಆದರೆ ಮುಚ್ಚಿದ ಹಗೇವಿನೊಳಗೆ ಏನಾಯಿತು ಎಂದು ನೋಡುವುದು ಹೇಗೆ? ಒಂದು ತಂಬಿಗೆ ಸಾಲದೇನೋ ಎಂದು ಮರುದಿನ ಮತ್ತೊಂದು. ಅದೂ ಸಾಲದೇನೋ ಎಂದು ಕೊಡ.

ಅವ್ವನೋ ಅದೇ ಹಗೇವಿಗೆ ಒಂದು ಹನಿ ಬೀಳದ ಹಾಗೆ ಕಾಯುತ್ತಿದ್ದಳು. ನಮ್ಮದು ಮಣ್ಣಿನ ಮಾಳಿಗೆ, ಜೋರು ಮಳೆ ಬಂದರೆ ಸೋರುತ್ತಿತ್ತು. ಮನೆಯ ಪಾತ್ರೆಗಳನ್ನೆಲ್ಲ ಸೋರುವ ಕಡೆ ಇಟ್ಟು, ತಾನು ಹೊದೆಯುವ ಕಂಬಳಿಯನ್ನು ಮಡಿಸಿ ಕಲ್ಲಿಗೆ ಹೊದಿಸುತ್ತಿದ್ದಳು. ಅವ್ವನಿಗೆ ಚಳಿ, ಕಲ್ಲಿಗೆ ಕಂಬಳಿ. ನನ್ನ ಹಾಸಿಗೆ ದಿನಾ ತೇವವಾಗಿರುವುದನ್ನು ಕಂಡು ಗುರುವೇ ಉಚ್ಚೆ ಹೊಯ್ದಿದ್ದಾನೆಂದು ಅವನ ಮೇಲೆ ಅಪವಾದ ಹೊರಿಸಿ ನನ್ನ ಪಕ್ಕದಿಂದ ಅವನನ್ನು ಎಬ್ಬಿಸಿದಳು. ಆಯಿ ಆಗಲೂ ಬಾಯಿ ಬಿಡಲಿಲ್ಲ. ಕೂಸನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು.

ದಸರೆ ಮುಗಿದ ಮೇಲೆ ಶೆಟ್ಟರು ಹೇಳಿ ಕಳಿಸಿದರು: ನಾಳೆ ಬೆಳಗಾಗುತ್ತಲೇ ಬಾಯಿ ತೆರೆದಿಡು, ಮಧ್ಯಾಹ್ನ ಚಕ್ಕಡಿ ತರುತ್ತೇನೆ. ಆ ದಿನ ಅವ್ವ ಬೆಳಗಿನ ಜಾವದಲ್ಲೇ ಎದ್ದು ನೆಲ ಸಾರಿಸಿದ್ದಳು. ಅಪ್ಪ ಕಲ್ಲಿಗೆ ವಿಭೂತಿ ಹಚ್ಚಿ ಕೈಮುಗಿದು, ಹುಸೇನ ಕಾಕಾನ ಕೂಡ ಮುದ್ರೆ ಒಡೆದು ಕಲ್ಲು ಸರಿಸಿದ. ಹೊಟ್ಟಿನ ಮೇಲೆ ಕೈ ಇಡುವ ಮೊದಲೇ ಹುಳಿ ವಾಸನೆ ಪಡಸಾಲೆ ತುಂಬ ಬಂತು, ಜೊತೆಗೆ ಬಿಸಿ. ಕೆಳಗೆ ಏನೋ ಬೇಯುತ್ತಿರುವ ಹಾಗೆ ಬಿಸಿ. ಜೋಳ ಇಡಿಯಾಗಿ ಜಗ್ಗಿ ಆಳುದ್ದ ಕೆಳಗಿಳಿದಿತ್ತು. ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಅವ್ವ ಮಾಳಿಗೆಯ ಕಡೆ ನೋಡಿದಳು, ಕಲ್ಲಿನ ಕಡೆ ನೋಡಿದಳು, ಎಲ್ಲಿ ಸೋರಿತು ಎಂದು ಅವಳಿಗೆ ತಿಳಿಯಲಿಲ್ಲ. ಅವಳ ಮುಖದಲ್ಲಿ ಅಂದು ಕಂಡ ಹೆದರಿಕೆಯನ್ನು ನಾನು ಮುಂದೆ ಅವಳು ಸಾಯುವಾಗಲೂ ಕಾಣಲಿಲ್ಲ.

"ಮ್ಯಾಲಿಂದ ಹನಿ ಬಿದ್ದಿರಬೇಕು" ಎಂದ ಅಪ್ಪ. "ಒಂದ ಮಗ್ಗಲ ಕೆಟ್ಟಿರತಾವು. ಶೆಟ್ರ ಬರೂದರಾಗ ಅಷ್ಟ ತಗದ ಹಿತ್ತಲದಾಗ ಹುಲ್ಲಾಗ ಹಾಕೂಣು. ಉಳದದ್ದು ಒಣಗೇ ಕಾಣಸ್ತೈತಿ."

ಹುಸೇನ ಕಾಕಾ ಬುಟ್ಟಿಯಲ್ಲಿ ಹಣತೆ ಇಟ್ಟು ಇಳಿಸಿದ. ಕತ್ತಲೆಗೆ ಮುಟ್ಟುವ ಮೊದಲೇ ಆರಿತು. ಮೇಲೆತ್ತಿ ಹಚ್ಚಿ ಮತ್ತೆ ಇಳಿಸಿದ, ಮತ್ತೆ ಆರಿತು. ಅಪ್ಪ ಕಂಬಳಿ ಬೀಸಿ ಗಾಳಿ ಹಾಕಿದ. ಮೂರನೆಯ ಸಲ ದೀಪ ಆರಿದಾಗ, ಎಣ್ಣೆ ಸರಿ ಇಲ್ಲ ಎಂದ. ದೀಪದ ಮಾತು ಮೀರಿದರೆ ಸಾವು ಎಂದು ಊರಿಗೆಲ್ಲ ಹೇಳುತ್ತಿದ್ದ ನಮ್ಮಪ್ಪ, ಎಣ್ಣೆಯ ಮೇಲೆ ತಪ್ಪು ಹಾಕಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

"ಬ್ಯಾಡೋ ಈರಪ್ಪಾ" ಎಂದ ಹುಸೇನ ಕಾಕಾ. "ನೀನ ಮಂದಿಗೆ ಹೇಳಾಂವ. ಇವತ್ತ ನಿನಗ ನಾ ಹೇಳಬೇಕೇನ?"

"ಬಾಡಿಗಿ ಹೋದರ ಹೋಗಲಿ ಅನ್ನಬಹುದು ಕಾಕಾ. ಹಗೇವಿನ ಹೆಸರ ಹೋದರ ನಾವು ಏನ ತಿನ್ನೂದು? ಉಸಿರ ಬಿಗಿ ಹಿಡದ ಇಳೀತೇನಿ. ಎರಡ ಬುಟ್ಟಿ ತುಂಬೂದು, ಮ್ಯಾಲ ಬರೂದು."

"ಹಗ್ಗಾ ನಾ ಹಿಡಿಯಾಂವಲ್ಲ."

"ಹಂಗಾರ ಗಂಗಿ ಹಿಡೀತಾಳ."

ಅವ್ವ ಹಗ್ಗಕ್ಕೆ ಕೈ ಚಾಚಿದಳು. ಇದನ್ನು ನಾನು ಕಣ್ಣಾರೆ ಕಂಡೆ. ಬೇಡ ಅನ್ನಲಿಲ್ಲ, ಅಳಲಿಲ್ಲ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು. ಬಹಳ ವರ್ಷ ಇದಕ್ಕಾಗಿ ನನಗೆ ಅವ್ವನ ಮೇಲೆ ಸಿಟ್ಟಿತ್ತು. ಆಮೇಲೆ ನಾನೂ ಮನೆ ನಡೆಸಿದೆ, ಸಿಟ್ಟು ಹೋಯಿತು. ಅಪ್ಪ ಹಗೇವಿನ ಬಾಯಿಯಲ್ಲಿ ಎರಡೂ ಕಾಲು ಇಳಿಬಿಟ್ಟು ಕೂತ. ಅದೇ ಹೊತ್ತಿಗೆ ಹೊರಗೆ ಚಕ್ಕಡಿಯ ಗೆಜ್ಜೆ ಕೇಳಿಸಿತು, ಮಧ್ಯಾಹ್ನಕ್ಕೆ ಬರಬೇಕಾದ ಶೆಟ್ಟರು ಮೊದಲೇ ಬಂದು ಬಾಗಿಲಲ್ಲಿ ಕಾಲಿನ ಜೋಡು ಬಿಡುತ್ತಿದ್ದರು. ಅಪ್ಪನ ಅವಸರ ಇನ್ನೂ ಹೆಚ್ಚಾಯಿತು. ಬಾಯಿಯ ಎರಡು ಅಂಚಿಗೆ ಅಂಗೈ ಊರಿ ಮೈಯನ್ನು ಕೆಳಗೆ ಬಿಟ್ಟ.

ಗುರುವನ್ನು ಎತ್ತಿಕೊಂಡು ಕಂಬಕ್ಕೆ ಒರಗಿ ಕೂತಿದ್ದ ಆಯಿ ಎದ್ದಳು. ಕೂಸನ್ನು ನನ್ನ ಕೈಗೆ ಕೊಟ್ಟಳು. ಬಂದು ಮಗನ ಎದುರು ನೆಲಕ್ಕೆ ಕೂತು ಅವನ ಎರಡೂ ಭುಜ ಹಿಡಿದಳು.

"ಇಳೀಬ್ಯಾಡ. ಮಾಳಿಗಿ ಸೋರಿಲ್ಲ. ನೀರ ಹಾಕಿದಾಕಿ ನಾನು."

ಅಪ್ಪ ತಾಯಿಯ ಮುಖ ನೋಡಿದ. "ಸುಮ್ಮನ ಏನರ ಹೇಳಬ್ಯಾಡ. ಬಿಡು."

"ಒಂದ ತಂಬಿಗಿ ಅಲ್ಲೋ, ಕೊಡಾ. ದಿನಾ ಕೊಡಾ. ಗಣಪತಿ ಹಬ್ಬದಿಂದ ಹಾಕೇನಿ. ಕರಿ ಜ್ವಾಳಾ ಆದರ ನಮಗ ಬರತಾವಂತ ಹಾಕೇನಿ. ಕೆಳಗ ಎಲ್ಲಾ ಕುದ್ದಹೋಗೈತಿ, ಒಂದ ಮಗ್ಗಲ ಅಲ್ಲ. ನೀ ಇಳದರ ಬರೂದಿಲ್ಲ, ನನ್ನಪ್ಪಾ."

ಶೆಟ್ಟರು ಬಾಗಿಲಲ್ಲೇ ನಿಂತಿದ್ದರು. ಅವರು ನಿಂತಿರುವುದು ಆಯಿಗೆ ಗೊತ್ತಿತ್ತು. ಅವಳು ಕೂತದ್ದೇ ಬಾಗಿಲಿಗೆ ಎದುರಾಗಿ. ಮಾಳಿಗೆ ಸೋರಿತು ಎಂದು ಕೈಮುಗಿದಿದ್ದರೆ ಶೆಟ್ಟರು ಬೈದು, ಬಾಡಿಗೆ ಮುರಿದುಕೊಂಡು, ಮುಂದಿನ ವರ್ಷ ಮಾಳಿಗೆ ಮಣ್ಣು ಹಾಕಿಸು ಎಂದು ಹೋಗುತ್ತಿದ್ದರೋ ಏನೋ. ಆ ಒಂದು ದಾರಿಯನ್ನೂ ಆಯಿ ತನ್ನ ಬಾಯಿಂದಲೇ ಮುಚ್ಚಿದಳು. ಕೊಡ ಎಂಬ ಮಾತು ಕೇಳಿದ ಮೇಲೆ ಅಪ್ಪನಿಗೆ ಕೆಳಗಿನ ಸ್ಥಿತಿ ತಿಳಿಯಿತು. ಮೇಲೆ ಬರಲೂ ಆಗದೆ, ಕೆಳಗೆ ಇಳಿಯಲೂ ಆಗದೆ ಅವನು ಒದ್ದಾಡುವಾಗ ಹಗ್ಗ ಹಿಡಿಯುವುದಿಲ್ಲ ಎಂದಿದ್ದ ಹುಸೇನ ಕಾಕಾ ಅವನ ಕಂಕುಳಿಗೆ ಕೈ ಹಾಕಿ ಎಳೆದು ನೆಲಕ್ಕೆ ಕೆಡವಿದ. ಅಪ್ಪ ಕೆಮ್ಮುತ್ತ ಬಿದ್ದಿದ್ದ. ಅವ್ವ ಹಗ್ಗ ಬಿಟ್ಟಿರಲಿಲ್ಲ.

ಶೆಟ್ಟರು ಒಳಗೆ ಬಂದು ಬಗ್ಗಿ ಮೂಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಮುದುಕಿ, ಹೊಟ್ಟಿಗಿಲ್ಲಂತ ನನ್ನ ಕಡೆ ಬಂದ ಕೇಳಬೇಕಿತ್ತು" ಎಂದರು.

"ಹೋದ ವರ್ಷ ಕೇಳಿದ್ನಿರಿ" ಎಂದಳು ಆಯಿ.

ಶೆಟ್ಟರು ಹೊರಗೆ ಹೋಗಿ ಜೋಡು ಮೆಟ್ಟಿಕೊಂಡರು. ಹಗೇವು ಗಾಳಿಗೆ ಬಿದ್ದು ದೀಪ ಉಳಿಯಲು ಹಲವು ದಿನ ಹಿಡಿಯಿತು. ಆಮೇಲೆ ಅಪ್ಪನೇ ಇಳಿದು ತೆಗೆದ. ನಡುವಿನ ಒಂದಿಷ್ಟು ಜೋಳ ಚೆನ್ನಾಗಿತ್ತು, ಅದನ್ನು ಶೆಟ್ಟರ ಆಳುಗಳು ಚಕ್ಕಡಿಗೆ ಹೇರಿಕೊಂಡು ಹೋದರು. ಉಳಿದದ್ದು ಕಪ್ಪು, ಗಟ್ಟಿ ಹೆಂಟೆ. ಪದ್ಧತಿಯಂತೆ ಅದು ನಮ್ಮದು. ಶೆಟ್ಟರೂ ಪದ್ಧತಿ ಮುರಿಯಲಿಲ್ಲ. ಬಾಡಿಗೆ ಇಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ನೀರು ಹಾಕುವವರ ಹಗೇವು ಎಂದಾಯಿತು. ಅದನ್ನು ಮುಂದೆ ಯಾರೂ ತುಂಬಲಿಲ್ಲ, ಅಪ್ಪನನ್ನು ತಮ್ಮ ಹಗೇವಿಗೆ ಇಳಿಯಲೂ ಕರೆಯಲಿಲ್ಲ. ಅವನ ಜೊತೆಗಾರ ಎಂದು ಹುಸೇನ ಕಾಕಾನಿಗೂ ಆ ಕೆಲಸ ತಪ್ಪಿತು. ಆತ ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ.

ಹೆಂಟೆ ಒಡೆದು, ಬಿಸಿಲಿಗೆ ಹರವಿ, ತೊಳೆದು, ಮತ್ತೆ ಹರವಿ ಅವ್ವ ಆ ಜೋಳವನ್ನು ಬೀಸಿದಳು. ಹಿಟ್ಟಿಗೆ ಜಿಗುಟು ಇರಲಿಲ್ಲ, ಬಡಿಯುವಾಗಲೇ ರೊಟ್ಟಿ ಸೀಳುತ್ತಿತ್ತು. ಕಹಿ. ಆದರೂ ಬಹಳ ದಿನಗಳ ಮೇಲೆ ನಮ್ಮ ಮನೆಯ ಒಲೆಯ ಮೇಲೆ ಹಂಚು ಇಟ್ಟಿತ್ತು. ಗುರು ಮೊದಲು ಉಗುಳಿದ, ಆಮೇಲೆ ಖಾರದ ಹಿಂಡಿ ಹಚ್ಚಿ ಕೊಟ್ಟರೆ ನುಂಗತೊಡಗಿದ. ಆಯಿ ಮಾತ್ರ ಮುಟ್ಟಲಿಲ್ಲ. ಹೊಟ್ಟೆ ನೋವು ಎಂದಳು, ನೇಮ ಎಂದಳು, ನೀರು ಕುಡಿದು ಮಲಗಿದಳು. ಹೀಗೇ ದಿನಗಳು ಹೋದವು. ಅಪ್ಪ ಕಾಲು ಹಿಡಿದು ಬೇಡಿಕೊಂಡ, ಕೇಳಲಿಲ್ಲ. ಅವ್ವ ಅಂದಿನಿಂದ ಅತ್ತೆಯ ಕೂಡ ಮಾತು ಬಿಟ್ಟಿದ್ದಳು, ಅತ್ತ ಹೊರಳಿಯೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಯಿಗೆ ಏಳಲಾಗಲಿಲ್ಲ. ಲಿಂಗಪೂಜೆಯನ್ನೂ ಮಲಗಿದಲ್ಲೇ ಮಾಡಿದಳು. ಅವ್ವ ಒಲೆಯ ಮುಂದಿನಿಂದ ಎದ್ದು, ತಾಟಿನಲ್ಲಿ ಒಂದು ರೊಟ್ಟಿ ಹಾಕಿಕೊಂಡು ಬಂದು ಅವಳ ತಲೆದೆಸೆಗೆ ಕೂತಳು. ಒಂದು ಕೈಯಿಂದ ಬೆನ್ನಿಗೆ ಆಸರೆ ಕೊಟ್ಟು ಎಬ್ಬಿಸಿ ಕೂರಿಸಿದಳು.

"ತಿನ್ರಿ ಅತ್ತೀ."

ಆಯಿ ತಲೆ ಅಲ್ಲಾಡಿಸಿದಳು.

"ನೀವು ಸತ್ತರ ಮಣ್ಣಿಗೆ ಬಂದ ಮಂದಿಗೆ ಊಟಾ ಹಾಕಬೇಕಾಕ್ಕೈತಿ. ಅಷ್ಟ ಜ್ವಾಳಾ ನಾ ಎಲ್ಲಿಂದ ತರ್ಲ್ರಿ? ಈ ಕರಿ ಜ್ವಾಳಾ ಮಂದಿಗೆ ನೀಡಾಕ ಬರೂದಿಲ್ಲ. ನಿಮಗ ಸಾಯಾಕ ಈಗ ಪುರಸೊತ್ತಿಲ್ಲ. ತಿನ್ರಿ."

ಆಯಿ ಅವ್ವನ ಮುಖವನ್ನೇ ನೋಡುತ್ತ ಒಂದು ಚೂರು ಮುರಿದಳು. ಮುರಿದದ್ದನ್ನು ರೂಢಿಯಂತೆ ಗುರುವಿನ ಕಡೆ ಚಾಚಿದಳು. ಅವ್ವ ಆ ಕೈಯನ್ನು ಹಿಡಿದು ತಿರುಗಿಸಿ ಆಯಿಯ ಬಾಯಿಯ ಹತ್ತಿರ ತಂದಳು. ಹಗ್ಗ ಸುತ್ತಿದ ಗಾಯ ಅವ್ವನ ಅಂಗೈಯಲ್ಲಿ ಇನ್ನೂ ಮಾಯ್ದಿರಲಿಲ್ಲ. ಆಯಿ ಬಾಯಿ ತೆರೆದಳು. ಅಗಿದಳು, ನುಂಗಿದಳು, ಕಹಿಗೋ ಏನೋ ಕಣ್ಣಲ್ಲಿ ನೀರು ಬಂತು. ಅವ್ವ ಇನ್ನೊಂದು ಚೂರು ಮುರಿದಳು, ಇಡೀ ರೊಟ್ಟಿ ಮುಗಿಯುವ ತನಕ ಅಲ್ಲಿಂದ ಏಳಲಿಲ್ಲ.